ನೀರೂ ಇಲ್ಲ, ರೊಟ್ಟಿಯೂ ಇಲ್ಲ

ಪ್ರಾಟೆಸ್ಟೆಂಟ್ ಸಭೆಗಳ ನಡುವಿನ ಜಗಳ ಬಹುಮಟ್ಟಿಗೆ ಎರಡು ವಿಷಯಕ್ಕೆ ಹುಟ್ಟುತ್ತದೆ. ಒಂದು ದೀಕ್ಷಾಸ್ನಾನದ ನೀರು, ಇನ್ನೊಂದು ಕರ್ತನ ಭೋಜನದ ರೊಟ್ಟಿ, ಅಂದರೆ ಯೇಸುವಿನ ಕೊನೆಯ ಊಟದ ನೆನಪಿಗೆ ದ್ರಾಕ್ಷಾರಸದ ಜೊತೆ ಹಂಚುವ ರೊಟ್ಟಿ. ಕೂಸಿನ ತಲೆಗೆ ನೀರು ಚಿಮುಕಿಸಿದರೆ ಅದು ದೀಕ್ಷಾಸ್ನಾನವೇ ಅಲ್ಲ, ಬುದ್ಧಿ ಬಂದ ಮೇಲೆ ತಾನಾಗಿ ನಂಬಿ ಪೂರ್ತಿ ಮುಳುಗಿ ಏಳಬೇಕು ಅನ್ನುವವರು ಬ್ಯಾಪ್ಟಿಸ್ಟರು. ಬ್ರದರನ್ ಸಭೆಯವರು ಪ್ರತಿ ಭಾನುವಾರ ರೊಟ್ಟಿ ಮುರಿಯುತ್ತಾರೆ, ಅದಕ್ಕೆ ಪಾದ್ರಿ ಬೇಕಿಲ್ಲ ಅನ್ನುತ್ತಾರೆ. ಪೆಂತೆಕೊಸ್ತಿನವರಿಗೆ ನೀರು ಸಾಲದು, ಪವಿತ್ರಾತ್ಮನ ದೀಕ್ಷಾಸ್ನಾನವೂ ಆಗಬೇಕು, ಅನ್ಯಭಾಷೆ, ಅಂದರೆ ತಾನು ಕಲಿಯದ ಭಾಷೆಯಲ್ಲಿ ಪ್ರಾರ್ಥಿಸುವುದು, ಅದರ ಗುರುತು. ನಾವು ಸಿಎಸ್‌ಐನವರು, ಅಂದರೆ ದಕ್ಷಿಣ ಭಾರತ ಸಭೆಯವರು, ಅದರಲ್ಲೂ ಬಾಸೆಲ್ ಮಿಶನ್ ಬೇರಿನವರು, ಕೂಸಿಗೆ ನೀರು ಹಾಕಿಸುತ್ತೇವೆ. ಅದು ಬೆಳೆದ ಮೇಲೆ ತನ್ನ ನಂಬಿಕೆಯನ್ನು ತಾನೇ ಒಪ್ಪಿ ಹೇಳುವ ದೃಢೀಕರಣ, ಆಮೇಲೇ ಕರ್ತನ ಭೋಜನ. ಯಾರ ಮನೆಯ ಊಟದ ಮೇಜಿನ ಮೇಲಾದರೂ ಈ ಚರ್ಚೆ ಶುರುವಾದರೆ ಸಾರು ತಣ್ಣಗಾಗುವವರೆಗೆ ಮುಗಿಯುವುದಿಲ್ಲ.

ಈ ಗಲಾಟೆಯಲ್ಲಿ ಪಾಲುದಾರರೇ ಅಲ್ಲದ ಒಂದು ಸಭೆ ಇದೆ. ಅವರಲ್ಲಿ ದೀಕ್ಷಾಸ್ನಾನವೂ ಇಲ್ಲ, ಕರ್ತನ ಭೋಜನವೂ ಇಲ್ಲ. ಸಾಲ್ವೇಶನ್ ಆರ್ಮಿ. ಅಮೆರಿಕದಲ್ಲಿರುವ ನಮ್ಮ ಕನ್ನಡದವರಲ್ಲಿ ಎಷ್ಟೋ ಮಂದಿ ಮನೆ ಬದಲಿಸುವಾಗ ಹಳೆಯ ಸೋಫಾ, ಬಟ್ಟೆಬರೆಯನ್ನು ಅವರ ಅಂಗಡಿಗೆ ಕೊಟ್ಟು ಬಂದಿರುತ್ತಾರೆ. ಅದು ಭಾನುವಾರ ಆರಾಧನೆ ನಡೆಸುವ ಒಂದು ಚರ್ಚು ಎಂದು ಹೇಳಿದರೆ ನಂಬುವುದಿಲ್ಲ.

ಮೌನ ಆರಾಧನೆಯ ಕ್ವೇಕರ್ ಪಂಥದವರೂ ಈ ಎರಡನ್ನು ಬಿಟ್ಟವರೇ ಅಲ್ಲವೇ ಎಂದು ಕೇಳಬಹುದು. ನಿಜ. ಆದರೆ ಅವರು ಬಿಟ್ಟು ಮೌನವಾಗಿ ಕೂತರು. ಇವರು ಬಿಟ್ಟು ಡೋಲು ಬಾರಿಸುತ್ತ ಬೀದಿಗಿಳಿದರು.

ನಂಬಿಕೆಯಲ್ಲಿ ಏನು ವ್ಯತ್ಯಾಸ ಎಂದು ಹುಡುಕಿದರೆ ಸಿಗುವುದು ಕಡಿಮೆ. ಸಾಲ್ವೇಶನ್ ಆರ್ಮಿಗೆ 11 ಸಿದ್ಧಾಂತಗಳಿವೆ. ಬೈಬಲ್ ದೇವರ ಪ್ರೇರಣೆಯಿಂದ ಬಂದದ್ದು, ದೇವರು ತ್ರಿಯೇಕ, ಮನುಷ್ಯ ಬಿದ್ದವನು, ಕ್ರಿಸ್ತನ ಬಲಿ ಬಯಸುವ ಎಲ್ಲರಿಗೂ, ಪಶ್ಚಾತ್ತಾಪ ಬೇಕು, ಹೊಸ ಹುಟ್ಟು ಬೇಕು, ಕೊನೆಗೆ ಪುನರುತ್ಥಾನ ಮತ್ತು ನ್ಯಾಯತೀರ್ಪು. ಯಾವ ಮೆಥಡಿಸ್ಟನಾದರೂ ಕಣ್ಣುಮುಚ್ಚಿ ಸಹಿ ಹಾಕಬಹುದಾದ ಪಟ್ಟಿ. ದೇವರು ಆರಿಸಿದವನ ರಕ್ಷಣೆ ಕೈತಪ್ಪುವುದಿಲ್ಲ ಅನ್ನುವ ಕ್ಯಾಲ್ವಿನ್ ಪಂಥದವರು ಮಾತ್ರ ಎರಡು ಕಡೆ ಹುಬ್ಬು ಗಂಟಿಕ್ಕುತ್ತಾರೆ. ರಕ್ಷಣೆ ಉಳಿಯಬೇಕಾದರೆ ವಿಧೇಯ ನಂಬಿಕೆ ಮುಂದುವರಿಯಬೇಕು ಅನ್ನುವ 9ನೆಯದು, ವಿಶ್ವಾಸಿ ಪೂರ್ತಿಯಾಗಿ ಪವಿತ್ರನಾಗಬಹುದು ಅನ್ನುವ 10ನೆಯದು. ಇವೆರಡೂ ಮೆಥಡಿಸ್ಟರ ಮೂಲಪುರುಷ ಜಾನ್ ವೆಸ್ಲಿಯ ಮನೆಯಿಂದ ಬಂದವು. ಸಭೆ ಕಟ್ಟಿದ ವಿಲಿಯಂ ಬೂತ್ ಮೆಥಡಿಸ್ಟ್ ಬೋಧಕನೇ ಆಗಿದ್ದ.

ಬೂತ್ ಹುಟ್ಟಿದ್ದು 1829ರಲ್ಲಿ, ನಾಟಿಂಗ್‌ಹ್ಯಾಮಿನಲ್ಲಿ. ಹುಡುಗನಾಗಿದ್ದಾಗ ಗಿರವಿ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದ. ಬಡವರು ಮದುವೆ ಉಂಗುರ, ಭಾನುವಾರದ ಕೋಟು ಅಡವಿಡುವುದನ್ನು ಗಲ್ಲೆಯ ಈಚೆ ಕಡೆಯಿಂದ ನೋಡುತ್ತ ಬೆಳೆದವನು. ಊರೂರು ಸುತ್ತಿ ಸುವಾರ್ತೆ ಸಾರಲು ಅವನ ಸಭೆ ಬಿಡಲಿಲ್ಲವೆಂದು 1861ರಲ್ಲಿ ಹೊರಬಿದ್ದ. 1865ರಲ್ಲಿ ಲಂಡನ್ನಿನ ಪೂರ್ವಭಾಗದ ವೈಟ್‌ಚಾಪೆಲ್‌ನಲ್ಲಿ ಡೇರೆ ಹಾಕಿ ಬೋಧಿಸಲು ಶುರುಮಾಡಿದ. ಹೊಸ ಸಭೆ ಕಟ್ಟುವ ಯೋಚನೆ ಆಗಿರಲಿಲ್ಲ. ಮಾನಸಾಂತರ ಹೊಂದಿದವರನ್ನು ಹತ್ತಿರದ ಚರ್ಚುಗಳಿಗೆ ಕಳಿಸುತ್ತಿದ್ದ. ಅವರು ಹೋಗುತ್ತಿರಲಿಲ್ಲ. ಹೋದವರಿಗೂ ಅಲ್ಲಿ ಒಳ್ಳೆಯ ಮುಖ ಸಿಗುತ್ತಿರಲಿಲ್ಲ. ಹೆಂಡದ ವಾಸನೆ ಇನ್ನೂ ಬಟ್ಟೆಯಿಂದ ಹೋಗದವನನ್ನು ಪಕ್ಕದ ಬೆಂಚಿನಲ್ಲಿ ಕೂರಿಸಿಕೊಳ್ಳಲು ಯಾರಿಗೆ ಮನಸ್ಸಿರುತ್ತದೆ? ಹಾಗಾಗಿ ಅವರನ್ನೆಲ್ಲ ತಾನೇ ಇಟ್ಟುಕೊಳ್ಳಬೇಕಾಯಿತು. 1878ರಲ್ಲಿ ಆ ಗುಂಪಿಗೆ ಸೈನ್ಯದ ಹೆಸರು ಬಂತು, ಬೂತ್ ಜನರಲ್ ಆದ.

ನನಗೆ ಮುಖ್ಯವಾಗಿ ಕಾಣುವುದು 1883ರ ಜನವರಿ 2. ಆ ದಿನ ಬೂತ್ ತನ್ನ ಅಧಿಕಾರಿಗಳ ಮುಂದೆ ನಿಂತು, ಇನ್ನು ಮುಂದೆ ನಮ್ಮಲ್ಲಿ ಈ ಎರಡು ಸಂಸ್ಕಾರಗಳು ನಡೆಯುವುದಿಲ್ಲ ಎಂದ. ಅಲ್ಲಿಯವರೆಗೆ ಅವರೂ ಕರ್ತನ ಭೋಜನ ನಡೆಸುತ್ತಿದ್ದರು, ಮಕ್ಕಳಿಗೆ ದೀಕ್ಷಾಸ್ನಾನ ಕೊಡುತ್ತಿದ್ದರು. ಅವನು ಕೊಟ್ಟ ಕಾರಣಗಳಲ್ಲಿ ದೇವಶಾಸ್ತ್ರಕ್ಕಿಂತ ಲೋಕಾನುಭವ ಹೆಚ್ಚು. ರಕ್ಷಣೆಗೆ ಇವು ಅನಿವಾರ್ಯವಲ್ಲ. ಇವುಗಳ ಹೆಸರಿನಲ್ಲೇ ಕ್ರೈಸ್ತರು ಶತಮಾನಗಳಿಂದ ಹೊಡೆದಾಡಿದ್ದಾರೆ, ಆ ಹೊಡೆದಾಟ ನಮಗೆ ಬೇಡ. ಹೆಂಗಸು ಬಟ್ಟಲು ಹಿಡಿದು ಹಂಚುವುದನ್ನು ಒಪ್ಪದವರಿದ್ದಾರೆ. ಇನ್ನು ನಿನ್ನೆ ಮೊನ್ನೆ ಕುಡಿತ ಬಿಟ್ಟವನ ತುಟಿಗೆ ದ್ರಾಕ್ಷಾರಸ ಹಿಡಿಯುವುದು ಹೇಗೆ? ಅದರ ಹಿಂದಿನ ವರ್ಷ ಇಂಗ್ಲೆಂಡಿನ ಸ್ಥಾಪಿತ ಚರ್ಚು ಇವರನ್ನು ತನ್ನೊಳಗೆ ಸೇರಿಸಿಕೊಳ್ಳುವ ಮಾತುಕತೆ ನಡೆಸಿತ್ತು, ಅದು ಮುರಿದುಬಿತ್ತು. ಅದರ ನೆರಳೂ ಈ ನಿರ್ಧಾರದ ಮೇಲೆ ಇದ್ದಿರಬೇಕು ಅನ್ನುವುದು ನನ್ನ ಎಣಿಕೆ. ಬೂತನ ಹೆಂಡತಿ ಕ್ಯಾಥರೀನ್‌ಗಂತೂ ಒಂದು ಭಯ ಮೊದಲಿನಿಂದ ಇತ್ತು. ಜನ ನೀರನ್ನೂ ರೊಟ್ಟಿಯನ್ನೂ ನಂಬಿಕೊಂಡು ಬದುಕು ಬದಲಿಸುವ ಗೋಜಿಗೇ ಹೋಗುವುದಿಲ್ಲ ಅನ್ನುವ ಭಯ.

ಗಮನಿಸಬೇಕಾದ್ದೆಂದರೆ ಬೂತ್ ಇದನ್ನು ಕೊನೆಯ ಮಾತು ಎಂದು ಹೇಳಲಿಲ್ಲ. ಇನ್ನಷ್ಟು ಬೆಳಕು ಸಿಗುವವರೆಗೆ ಪ್ರಶ್ನೆಯನ್ನು ಮುಂದೂಡೋಣ ಎಂದ. ಮುಂದೂಡಿ 140 ವರ್ಷ ದಾಟಿತು.

ಸಂಸ್ಕಾರ ಬಿಟ್ಟರೇನೋ ಸರಿ, ಆಚರಣೆಯನ್ನು ಬಿಡಲು ಅವರಿಂದ ಆಗಲಿಲ್ಲ. ಆರಾಧನಾ ಮಂದಿರದ ಮುಂಭಾಗದಲ್ಲಿ, ನಮ್ಮಲ್ಲಿ ಪೀಠ ಇರುವ ಕಡೆ, ಅವರಲ್ಲಿ ಒಂದು ಮರದ ಬೆಂಚು ಇರುತ್ತದೆ. ಕೃಪಾಸನ. ಪಶ್ಚಾತ್ತಾಪಪಟ್ಟವರು ಎದ್ದು ಬಂದು ಅದರ ಮುಂದೆ ಮೊಣಕಾಲೂರುತ್ತಾರೆ. ಸದಸ್ಯನಾಗುವವನು ಬಾವುಟದ ಕೆಳಗೆ ನಿಂತು ಪ್ರತಿಜ್ಞೆ ಮಾಡಿ ಕಾಗದಕ್ಕೆ ಸಹಿ ಹಾಕುತ್ತಾನೆ. ಕುಡಿಯುವುದಿಲ್ಲ, ಹೊಗೆಸೊಪ್ಪು ಮುಟ್ಟುವುದಿಲ್ಲ, ಜೂಜಾಡುವುದಿಲ್ಲ. ಅಂದಿನಿಂದ ಅವನು ಸೋಲ್ಜರ್. ಹುಟ್ಟಿದ ಮಗುವನ್ನು ಅದೇ ಬಾವುಟದ ಕೆಳಗೆ ದೇವರಿಗೆ ಒಪ್ಪಿಸುತ್ತಾರೆ. ಬಾವುಟದ ಕೆಂಪು ಕ್ರಿಸ್ತನ ರಕ್ತ, ನೀಲಿ ಪರಿಶುದ್ಧತೆ, ನಡುವಿನ ಹಳದಿ ಪವಿತ್ರಾತ್ಮನ ಬೆಂಕಿ. ಸ್ಥಳೀಯ ಸಭೆಗೆ ಕೋರ್ ಎಂದು ಹೆಸರು, ಪಾಸ್ಟರ್ ಕ್ಯಾಪ್ಟನ್ನೋ ಮೇಜರೋ ಆಗಿರುತ್ತಾರೆ. ಬೆಳಗಿನ ಪ್ರಾರ್ಥನೆ ಮೊಣಕಾಲಿನ ಡ್ರಿಲ್. ವಾರದ ಕಾಣಿಕೆಗೆ ಕಾಡತೂಸು ಎಂಬ ಹೆಸರು. ಯಾರಾದರೂ ತೀರಿಕೊಂಡರೆ ಸತ್ತರು ಅನ್ನುವುದಿಲ್ಲ, ಮಹಿಮೆಗೆ ಬಡ್ತಿ ಹೊಂದಿದರು ಅನ್ನುತ್ತಾರೆ. ಸರ್ಕಾರಿ ಕೆಲಸದಲ್ಲಿ ಆಯುಷ್ಯ ಕಳೆದ ನನ್ನ ದೊಡ್ಡಪ್ಪ ಇದನ್ನು ಕೇಳಿ, "ಅಲ್ಲಿಯಾದರೂ ಸೀನಿಯಾರಿಟಿ ಲಿಸ್ಟ್ ಸರಿಯಾಗಿರಲಿ" ಎಂದಿದ್ದರು.

ನಗು ಬರುತ್ತದೆ ನಿಜ. ಆದರೆ ಬೂತ್ ಇಲ್ಲಿ ಏನೋ ಒಂದನ್ನು ಸರಿಯಾಗಿ ಹಿಡಿದಿದ್ದ ಅನ್ನಿಸುತ್ತದೆ. ಬಂದರಿನಲ್ಲಿ ಮೂಟೆ ಹೊರುವವನಿಗೆ, ಜೀವಮಾನದಲ್ಲಿ ಒಂದು ಒಳ್ಳೆಯ ಅಂಗಿ ಕಾಣದವನಿಗೆ, ಇಸ್ತ್ರಿ ಮಾಡಿದ ಸಮವಸ್ತ್ರ, ಒಂದು ಪದವಿ, ಹಿಡಿಯಲು ಒಂದು ಬಾವುಟ, ಊದಲು ಒಂದು ಹಿತ್ತಾಳೆ ವಾದ್ಯ ಕೊಟ್ಟರೆ ಏನಾಗುತ್ತದೆ ಎಂದು ಅವನಿಗೆ ಗೊತ್ತಿತ್ತು. ಹೆಂಗಸರಿಗೂ ಹಾಗೆಯೇ. ಕ್ಯಾಥರೀನ್ 1859ರಲ್ಲೇ ಹೆಂಗಸರು ಬೋಧಿಸುವ ಹಕ್ಕಿನ ಬಗ್ಗೆ ಕಿರುಪುಸ್ತಕ ಬರೆದು, ಮರುವರ್ಷ ಗಂಡನ ಚರ್ಚಿನಲ್ಲಿ ತಾನೇ ಎದ್ದು ಬೋಧಿಸಿದವಳು. ಸೈನ್ಯದಲ್ಲಿ ಹೆಂಗಸು ಗಂಡಸಿನಷ್ಟೇ ಅಧಿಕಾರಿ ಆಗಬಹುದಿತ್ತು. ಅವರ ಮಗಳು ಇವಾಂಜೆಲಿನ್ 1934ರಲ್ಲಿ ಜನರಲ್ ಹುದ್ದೆಗೇ ಆಯ್ಕೆಯಾದಳು. ನಮ್ಮ ಸಿಎಸ್‌ಐ ಹೆಂಗಸರಿಗೆ ಪಾದ್ರಿ ದೀಕ್ಷೆ ಕೊಡಲು ಆಮೇಲೆ ಎಷ್ಟು ದಶಕ ತೆಗೆದುಕೊಂಡಿತು ಎಂದು ನೆನೆದರೆ ಕ್ಯಾಥರೀನಳ ಧೈರ್ಯ ಅರ್ಥವಾಗುತ್ತದೆ.

ಬೀದಿಯ ಮೆರವಣಿಗೆ ಸುಲಭದ್ದಾಗಿರಲಿಲ್ಲ. ಹೆಂಡದಂಗಡಿಯವರ ಹೊಟ್ಟೆಗೆ ಹೊಡೆತ ಬೀಳುತ್ತಿತ್ತಲ್ಲ, ಇಂಗ್ಲೆಂಡಿನ ದಕ್ಷಿಣದ ಊರುಗಳಲ್ಲಿ ಸ್ಕೆಲಿಟನ್ ಆರ್ಮಿ ಎಂಬ ಪುಂಡರ ಗುಂಪುಗಳು ಹುಟ್ಟಿಕೊಂಡವು. ಕಲ್ಲು, ಕೊಳೆತ ಮೊಟ್ಟೆ, ಸತ್ತ ಇಲಿ ಎಲ್ಲ ಎಸೆತಕ್ಕೆ ಬಂದವು. ಸೈನ್ಯದ ಹೆಂಗಸರ ಅಗಲವಾದ ಬಾನೆಟ್ ಟೋಪಿ ಚಳಿಗೆ ಎಷ್ಟು ಉಪಯೋಗವೋ ಕಲ್ಲೇಟಿಗೂ ಅಷ್ಟೇ. ಹಿತ್ತಾಳೆ ಬ್ಯಾಂಡ್ ಹುಟ್ಟಿದ್ದೂ ಇದೇ ರಗಳೆಯಿಂದ. ಸಾಲ್ಸ್‌ಬರಿ ಊರಿನ ಫ್ರೈ ಎಂಬ ಕಟ್ಟಡ ಗುತ್ತಿಗೆದಾರ ತನ್ನ ಮೂವರು ಮಕ್ಕಳೊಂದಿಗೆ ಬೋಧಕರಿಗೆ ಅಂಗರಕ್ಷಕನಾಗಿ ನಿಲ್ಲಲು ಬಂದ. ಬರುವಾಗ ತಮ್ಮ ವಾದ್ಯಗಳನ್ನೂ ತಂದರು.

ವೆಸ್ಟನ್-ಸೂಪರ್-ಮೇರ್ ಎಂಬ ಕಡಲತೀರದ ಊರಿನಲ್ಲಿ ಮೆರವಣಿಗೆ ಹೊರಟರೆ ಗಲಾಟೆಯಾಗುತ್ತದೆಂದು ನಿಷೇಧ ಹಾಕಿದರು. ಬೀಟಿ ಎಂಬ ಕ್ಯಾಪ್ಟನ್ ಕೇಳಲಿಲ್ಲ, ಹೊರಟ. ಹಿಡಿದು ಜಾಮೀನು ಬರೆಸಿಕೊಂಡರು. 1882ರಲ್ಲಿ ಮೇಲಿನ ಕೋರ್ಟು ಆ ಆದೇಶವನ್ನು ತಳ್ಳಿಹಾಕಿತು. ಒಬ್ಬ ಕಾನೂನುಬದ್ಧವಾದ ಕೆಲಸ ಮಾಡುವಾಗ ಇನ್ನೊಬ್ಬ ಬಂದು ದೊಂಬಿ ಎಬ್ಬಿಸುತ್ತಾನೆಂದು ಗೊತ್ತಿದ್ದರೂ, ಅದಕ್ಕಾಗಿ ಮೊದಲನೆಯವನನ್ನು ಶಿಕ್ಷಿಸುವಂತಿಲ್ಲ ಎಂದಿತು. ಬೀಟಿ ವರ್ಸಸ್ ಗಿಲ್‌ಬ್ಯಾಂಕ್ಸ್. ನಮ್ಮ ಲಾ ಕಾಲೇಜುಗಳ ಹುಡುಗರೂ ಈ ಹೆಸರನ್ನು ಬಾಯಿಪಾಠ ಮಾಡಿರುತ್ತಾರೆ, ಬೀಟಿ ಯಾವ ಸಭೆಯವನು ಎಂದು ಬಹುಶಃ ಕೇಳಿರುವುದಿಲ್ಲ. ಯಾರದೋ ಭಾವನೆಗೆ ನೋವಾಗುತ್ತದೆಂದು ಸಭೆ, ನಾಟಕ, ಹಾಡು ನಿಲ್ಲಿಸುವ ಸುದ್ದಿ ಓದಿದಾಗೆಲ್ಲ ನನಗೆ ಆ ಕ್ಯಾಪ್ಟನ್ ನೆನಪಾಗುತ್ತಾನೆ.

ಅದೇ ವರ್ಷ ಸೆಪ್ಟೆಂಬರಿನಲ್ಲಿ ಈ ಸೈನ್ಯ ಮುಂಬಯಿಗೆ ಬಂದಿಳಿಯಿತು. ಸೈನ್ಯ ಅಂದರೆ 4 ಜನ. ದೊಡ್ಡ ಪಡೆಯೇ ಬರುತ್ತದೆಂದು ಪೊಲೀಸರು ಬಂದರಿನಲ್ಲಿ ಸಜ್ಜಾಗಿ ನಿಂತು, ಉಳಿದವರೆಲ್ಲಿ ಎಂದು ಕೇಳಿದರಂತೆ. ಅವರದೇ ಚರಿತ್ರೆಗಳಲ್ಲಿ ಈ ಕತೆಯನ್ನು ಬಹಳ ಖುಷಿಯಿಂದ ಹೇಳಿಕೊಳ್ಳುತ್ತಾರೆ. ನಾಯಕ ಫ್ರೆಡರಿಕ್ ಟಕರ್. ಬಿಹಾರದ ಮುಂಗೇರಿನಲ್ಲಿ ಹುಟ್ಟಿದವನು, ಐಸಿಎಸ್ ಅಧಿಕಾರಿಯಾಗಿದ್ದು ರಾಜೀನಾಮೆ ಕೊಟ್ಟವನು. ಅವನ ಅಜ್ಜ ಈಸ್ಟ್ ಇಂಡಿಯಾ ಕಂಪನಿಯ ಅಧ್ಯಕ್ಷನಾಗಿದ್ದ. ಇಂಥ ಮನೆತನದವನು ಇಲ್ಲಿ ಕಾವಿ ಬಟ್ಟೆ ಉಟ್ಟು, ಪೇಟ ಸುತ್ತಿ, ಬರಿಗಾಲಿನಲ್ಲಿ ಭಿಕ್ಷೆ ಬೇಡುತ್ತ, ಫಕೀರ್ ಸಿಂಗ್ ಎಂದು ಹೆಸರಿಟ್ಟುಕೊಂಡ. ಸೈನ್ಯಕ್ಕೆ ಮುಕ್ತಿಫೌಜ್ ಎಂಬ ಹೆಸರು ಬಿತ್ತು. ಬೀದಿಯಲ್ಲಿ ವಾದ್ಯ ಬಾರಿಸಿದ್ದಕ್ಕೆ ಮುಂಬಯಿಯ ಬ್ರಿಟಿಷ್ ಅಧಿಕಾರಿಗಳು ಅವನನ್ನು ಬಂಧಿಸಿದರು. ಬ್ರಾಹ್ಮ ಸಮಾಜದ ಕೇಶವಚಂದ್ರ ಸೇನ್ ಅವನ ಪರವಾಗಿ ದನಿಯೆತ್ತಿದರು. ಬಿಳಿಯನೊಬ್ಬ ಧೋತರ ಉಟ್ಟು ಕೈಯಲ್ಲಿ ಊಟಮಾಡುವುದು ಅಂದಿನ ಸಾಹೇಬರಿಗೆ ಧರ್ಮದ ಪ್ರಶ್ನೆಗಿಂತ ಮರ್ಯಾದೆಯ ಪ್ರಶ್ನೆ. ಬಿಸಿಲಿಗೆ, ಬರಿಗಾಲಿಗೆ, ಕಾಯಿಲೆಗೆ ಹಲವು ತರುಣ ಅಧಿಕಾರಿಗಳು ಜೀವ ತೆತ್ತರು ಅನ್ನುವುದನ್ನೂ ಇದರ ಜೊತೆಗೇ ಹೇಳಬೇಕು.

ಇಲ್ಲಿಯವರೆಗೆ ಓದಿದರೆ ಮನಸ್ಸು ಅವರ ಕಡೆ ವಾಲುತ್ತದೆ. ನನ್ನದೂ ವಾಲಿತ್ತು. ಸ್ಟೂವರ್ಟ್‌ಪುರಂ ಬಗ್ಗೆ ಓದುವವರೆಗೆ.

1871ರ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆಯ ಪ್ರಕಾರ ಕೆಲವು ಅಲೆಮಾರಿ ಸಮುದಾಯಗಳವರು ಹುಟ್ಟಿನಿಂದಲೇ ಅಪರಾಧಿಗಳು. ಇವರನ್ನು ಒಂದೆಡೆ ನೆಲೆಗೊಳಿಸಿ ತಿದ್ದುವ ಕೆಲಸವನ್ನು ಸರ್ಕಾರ 20ನೇ ಶತಮಾನದ ಆರಂಭದಲ್ಲಿ ಸಾಲ್ವೇಶನ್ ಆರ್ಮಿಗೂ ವಹಿಸಿತು. 1908ರಲ್ಲಿ ಗೋರಖಪುರದಲ್ಲಿ ಡೋಮರೊಂದಿಗೆ ಶುರುವಾಯಿತು. ಮದ್ರಾಸ್ ಪ್ರಾಂತ್ಯದಲ್ಲಿ, ಇಂದಿನ ಆಂಧ್ರದ ಬಾಪಟ್ಲದ ಹತ್ತಿರ, ಯೆರುಕಲರಿಗಾಗಿ ಕಟ್ಟಿದ ವಸಾಹತು ಸ್ಟೂವರ್ಟ್‌ಪುರಂ. ಹೆರಾಲ್ಡ್ ಸ್ಟೂವರ್ಟ್ ಎಂಬ ಅಧಿಕಾರಿಯ ಹೆಸರು. ಹಾಜರಿ ಕೂಗುವುದು, ಊರು ಬಿಟ್ಟು ಹೋಗಬೇಕಾದರೆ ಪಾಸು, ಹೇಳದೆ ಹೋದರೆ ಶಿಕ್ಷೆ. ಶಾಲೆಯಿತ್ತು, ಹೊಲ ಕೊಟ್ಟರು, ಕೆಲಸ ಕಲಿಸಿದರು. ಅದನ್ನೂ ಅಲ್ಲಗಳೆಯಲಾಗದು. ಆದರೆ ಅಲ್ಲಿನ ಜನ ಚೀರಾಲದ ಕಾರ್ಖಾನೆಯಲ್ಲಿ ಕೂಲಿಗಳಾದರು. ಅದು ಹೊಗೆಸೊಪ್ಪಿನ ಕಾರ್ಖಾನೆ. ಬಾವುಟದ ಕೆಳಗೆ ನಿಂತು ಹೊಗೆಸೊಪ್ಪು ಮುಟ್ಟುವುದಿಲ್ಲ ಎಂದು ಪ್ರತಿಜ್ಞೆ ಮಾಡಿದವರ ಉಸ್ತುವಾರಿಯಲ್ಲಿ.

ಸಮವಸ್ತ್ರ, ಶಿಸ್ತು, ಹುದ್ದೆ, ಹಾಜರಿ. ವೈಟ್‌ಚಾಪೆಲ್‌ನ ಕುಡುಕನ ಬೆನ್ನು ನೆಟ್ಟಗೆ ಮಾಡಿದ್ದೂ ಇವೇ, ಯೆರುಕಲ ಹೆಂಗಸನ್ನು ಬೆಳಗಾದರೆ ಸಾಲಿನಲ್ಲಿ ನಿಲ್ಲಿಸಿದ್ದೂ ಇವೇ. ಲಂಡನ್ನಿನವನು ತಾನಾಗಿ ಸಹಿ ಹಾಕಿ ಸೈನ್ಯಕ್ಕೆ ಸೇರಿದ್ದ, ಇವಳನ್ನು ಪೊಲೀಸರು ತಂದು ಬಿಟ್ಟಿದ್ದರು. ಬೇರೆ ಮಿಶನ್‌ಗಳು ಇಂಥ ಕೆಲಸಕ್ಕೆ ಕೈಹಾಕಿಲ್ಲವೆಂದಲ್ಲ. ಆದರೆ ಸರ್ಕಾರದ ಕಣ್ಣಿಗೆ ಇವರು ಅಷ್ಟು ಚೆನ್ನಾಗಿ ಕಂಡದ್ದು ಸೈನ್ಯದ ಆಕಾರ ಇದ್ದದ್ದರಿಂದಲೇ ಎಂದು ನಾನು ಭಾವಿಸುತ್ತೇನೆ. ಸಂಸ್ಕಾರದ ಜಾಗಕ್ಕೆ ಕವಾಯತನ್ನು ತಂದದ್ದಕ್ಕೆ ತೆತ್ತ ಬೆಲೆ ಇದು. ನಮ್ಮ ಬಾಸೆಲ್ ಮಿಶನ್ ಹಂಚಿನ ಕಾರ್ಖಾನೆಗಳಲ್ಲೂ ಗಂಟೆ ಹೊಡೆದು ಪ್ರಾರ್ಥನೆ ಮಾಡಿಸುತ್ತಿದ್ದರು, ಹಾಗಾಗಿ ತೀರಾ ಎತ್ತರದಲ್ಲಿ ನಿಂತು ತೀರ್ಪು ಕೊಡುವ ಸ್ಥಿತಿಯಲ್ಲಿ ನಾನಿಲ್ಲ.

ಬೆಂಗಳೂರಿಗೂ ಟಕರನ ಒಂದು ಎಳೆ ತಾಗಿದೆ. ಬಸವನಗುಡಿಯ ಮಗ್ಗುಲಿಗೆ ಟಾಟಾ ಸಿಲ್ಕ್ ಫಾರ್ಮ್ ಎಂಬ ಬಡಾವಣೆ ಇದೆಯಲ್ಲ, ಅಲ್ಲಿ ಜಮ್‌ಶೆಟ್‌ಜಿ ಟಾಟಾ 19ನೇ ಶತಮಾನದ ಕೊನೆಯ ವರ್ಷಗಳಲ್ಲಿ ಜಪಾನಿನ ತಜ್ಞರನ್ನು ಕರೆಸಿ, ಮೈಸೂರು ಸರ್ಕಾರದ ನೆರವಿನಿಂದ ರೇಷ್ಮೆ ತೋಟ ಮಾಡಿಸಿದ್ದರು. 1910ರಲ್ಲಿ ಅದು ಸಾಲ್ವೇಶನ್ ಆರ್ಮಿಯ ಕೈಗೆ ಬಂತು. ಟಕರನಿಗೆ ರೇಷ್ಮೆ, ಮರಗೆಣಸು, ನೀಲಗಿರಿ ಮರದ ಹುಚ್ಚು. ಇವುಗಳಿಂದ ಹಿಂದುಸ್ತಾನದ ಬಡತನ ನೀಗುತ್ತದೆ ಎಂದು ನಂಬಿದ್ದ. ಈಗ ಅಲ್ಲಿ ಹುಳುವೂ ಇಲ್ಲ, ಹಿಪ್ಪುನೇರಳೆಯೂ ಇಲ್ಲ, ಫಿಲ್ಟರ್ ಕಾಫಿ ಮಾತ್ರ ಚೆನ್ನಾಗಿ ಸಿಗುತ್ತದೆ.

ಇದೆಲ್ಲ ನನಗೆ ಚರಿತ್ರೆಯಾಗಿಯೇ ಉಳಿಯುತ್ತಿತ್ತೇನೋ. ನಮ್ಮ ಬಳಗದ ಹುಡುಗನೊಬ್ಬನಿಗೆ ನಾಗರಕೋಯಿಲಿನ ಹುಡುಗಿಯ ಜೊತೆ ಮದುವೆ ಗೊತ್ತಾಯಿತು. ಅವರದು ತಲೆಮಾರುಗಳಿಂದ ಸಾಲ್ವೇಶನ್ ಆರ್ಮಿಯ ಮನೆ. ಅಲ್ಲಿ ಅವರದೊಂದು ದೊಡ್ಡ ಆಸ್ಪತ್ರೆ ಕ್ಯಾಥರೀನ್ ಬೂತ್ ಹೆಸರಿನಲ್ಲಿದೆ. 1893ರಲ್ಲಿ ಹ್ಯಾರಿ ಆಂಡ್ರೂಸ್ ಎಂಬ ತರುಣ ಅಧಿಕಾರಿ ತನ್ನ ಬಚ್ಚಲುಕೋಣೆಯಲ್ಲಿ ಔಷಧಿ ಕೊಡಲು ಶುರುಮಾಡಿದ್ದೇ ಅದರ ಮೂಲ. ಹುಡುಗಿಯ ಅಜ್ಜಿ, ಅಮ್ಮ, ಅವಳು ಮೂವರೂ ಹುಟ್ಟಿದ್ದು ಅಲ್ಲಿಯೇ.

ನಮ್ಮ ಚರ್ಚಿನಲ್ಲಿ ಮದುವೆಯ ಪ್ರಕಟಣೆ ಓದಬೇಕಾದರೆ ಎರಡೂ ಕಡೆಯ ದೀಕ್ಷಾಸ್ನಾನದ ಸರ್ಟಿಫಿಕೇಟ್ ಬೇಕು. ಹುಡುಗಿ ತಂದದ್ದು ಎರಡು ಕಾಗದ. ಒಂದು ಕೂಸಾಗಿದ್ದಾಗ ದೇವರಿಗೆ ಒಪ್ಪಿಸಿದ್ದು, ಇನ್ನೊಂದು ಸೋಲ್ಜರ್ ಆಗಿ ಸಹಿ ಹಾಕಿದ್ದು. ಪಾಸ್ಟರ್ ಕನ್ನಡಕ ಏರಿಸಿ ಇಳಿಸಿ ನೋಡಿದರು.

"ಇದರಲ್ಲಿ ದೀಕ್ಷಾಸ್ನಾನ ಎಲ್ಲಿದೆ ಮಗಳೇ?"

"ನಮ್ಮಲ್ಲಿ ಇಲ್ಲ ಪಾಸ್ಟರ್."

"ಹಾಗಾದರೆ ನೀನು..." ಎಂದು ಅವರು ಅರ್ಧಕ್ಕೆ ನಿಲ್ಲಿಸಿದರು. ಒಳ್ಳೆಯ ಮನುಷ್ಯ, ಪೂರ್ತಿ ಹೇಳುವ ಧೈರ್ಯವಾಗಲಿಲ್ಲ. ನನ್ನ ದೊಡ್ಡಮ್ಮನಿಗೆ ಆ ಸಂಕೋಚ ಇರಲಿಲ್ಲ. "ಅಯ್ಯೋ, ಹುಡುಗಿ ಕ್ರೈಸ್ತಳೇ ಅಲ್ಲವಾ ಹಾಗಾದ್ರೆ?" ಅಂದೇಬಿಟ್ಟರು. ನಮ್ಮ ಮನೆಗಳಲ್ಲಿ ಕೇಕಿಗೆ ನೆನೆಹಾಕಿದ ಒಣಹಣ್ಣಿನಲ್ಲಿ ರಮ್ಮು ಇದೆಯೆಂದು ಕ್ರಿಸ್ಮಸ್‌ಗೆ ಅದನ್ನೂ ಮುಟ್ಟದವಳು ಅವಳು. ಅವಳನ್ನು ಕೇಳಿದ ಪ್ರಶ್ನೆ ಇದು.

ಹುಡುಗಿ ಸಿಟ್ಟಾಗಲಿಲ್ಲ. "ನೀರು ಹಾಕಿಸಿಕೊಳ್ಳೋಕೆ ನನ್ನದೇನೂ ಅಭ್ಯಂತರ ಇಲ್ಲ ದೊಡ್ಡಮ್ಮ, ನಮ್ಮ ಮೇಜರೂ ಬೇಡ ಅನ್ನಲ್ಲ. ಆದರೆ ಇವತ್ತಿಂದ ನಾನು ಕ್ರೈಸ್ತಳಾದೆ ಅಂತ ಯಾರೂ ಹೇಳಬಾರದು, ಅಷ್ಟೆ" ಅಂದಳು.

ಅವಳು ಹೇಳಿದ್ದು ಸರಿಯೇ. ತಮ್ಮ ಸದಸ್ಯರು ಬೇರೆ ಚರ್ಚಿನಲ್ಲಿ ಕರ್ತನ ಭೋಜನ ತೆಗೆದುಕೊಂಡರೆ ಸಾಲ್ವೇಶನ್ ಆರ್ಮಿ ತಡೆಯುವುದಿಲ್ಲ. ತೊಡಕಿರುವುದು ಉಳಿದ ನಮ್ಮ ಕಡೆ. 1982ರಲ್ಲಿ ಲೀಮಾದಲ್ಲಿ ಸೇರಿದ ವಿಶ್ವ ಚರ್ಚ್ ಮಂಡಳಿಯ ಆಯೋಗ, ಎಲ್ಲ ಸಭೆಗಳೂ ಒಬ್ಬರ ದೀಕ್ಷಾಸ್ನಾನವನ್ನು ಇನ್ನೊಬ್ಬರು ಮಾನ್ಯ ಮಾಡುವ ಕಡೆ ಬರಬೇಕೆಂದು ಹೇಳಿತು. ಐಕ್ಯಕ್ಕೆ ಒಳ್ಳೆಯ ದಾರಿಯೇ. ಮಾನ್ಯ ಮಾಡಲು ದೀಕ್ಷಾಸ್ನಾನವೇ ಇಲ್ಲದವರು ಆ ದಾರಿಯಲ್ಲಿ ಎಲ್ಲಿ ನಿಲ್ಲಬೇಕು? ಸಾಲ್ವೇಶನ್ ಆರ್ಮಿ ಇದಕ್ಕೆ ಉತ್ತರ ಬರೆದು, ದೇವರ ಕೃಪೆ ಯಾವ ಒಂದು ವಿಧಿಗೂ ಕಟ್ಟುಬಿದ್ದಿಲ್ಲ ಎಂಬ ತನ್ನ ಹಳೆಯ ಮಾತಿಗೇ ನಿಂತಿತು. 1998ರಲ್ಲಿ ತಮ್ಮೊಳಗೇ ಮತ್ತೆ ಪರಿಶೀಲಿಸಿದರು, ಆಗಲೂ ನಿಲುವು ಬದಲಾಗಲಿಲ್ಲ.

ನಾನು ದೀಕ್ಷಾಸ್ನಾನ ಬಿಡುವ ಪೈಕಿ ಅಲ್ಲ. ನನ್ನ ಮಕ್ಕಳಿಗೆ ಮಾಡಿಸಿದ್ದೇನೆ, ಮೊಮ್ಮಕ್ಕಳಾದರೆ ಅವರಿಗೂ ಆಗಲಿ ಅನ್ನುತ್ತೇನೆ. ಆದರೆ ನೀರು ಮುಟ್ಟಿಸಿಕೊಂಡು ಆಮೇಲೆ ಚರ್ಚಿನ ಕಡೆ ತಲೆಹಾಕದ ನಮ್ಮ ಅರ್ಧಕ್ಕರ್ಧ ಬಳಗಕ್ಕೆ ಭೋಜನದ ಮೇಜಿನಲ್ಲಿ ಜಾಗ ಇದೆ, ಅವಳಿಗೆ ಇಲ್ಲ ಅನ್ನುವ ನಿಯಮವನ್ನು ಸಮರ್ಥಿಸಲು ನನ್ನಿಂದ ಆಗಲಿಲ್ಲ. ಪಾಸ್ಟರ್ ಅವರಲ್ಲಿ ಇದನ್ನು ಹೇಳಿದೆ. ಅವರು ಬಿಷಪ್ಪರನ್ನು ಕೇಳುತ್ತೇನೆ ಎಂದರು.

ಕೊನೆಗೆ ಹುಡುಗಿಯೇ ದಾರಿ ತೋರಿಸಿದಳು. ಮದುವೆ ನಾಗರಕೋಯಿಲಿನಲ್ಲಿ ಅವರ ಬಾವುಟದ ಕೆಳಗೇ ಆಯಿತು. ನಮ್ಮ ಹುಡುಗನಿಂದ ಅವರು ಯಾವ ಸರ್ಟಿಫಿಕೇಟನ್ನೂ ಕೇಳಲಿಲ್ಲ, ಕುಡಿಯುತ್ತೀಯಾ ಎಂದು ಮಾತ್ರ ಕೇಳಿದರು. ಅವನು ಉತ್ತರ ಕೊಡುವುದಕ್ಕೆ ಸ್ವಲ್ಪ ಹೊತ್ತು ತೆಗೆದುಕೊಂಡ.